ಪುಸ್ತಕದ ಕಪಾಟು ಗಟ್ಟಿಯಾಗಿರಲಿ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ಇವತ್ತು ಪಾಠ ಬೇಡ. ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಅದು ನನ್ನದೇ ತಪ್ಪು.

ಈ ಕಪಾಟು ನೋಡಿ. ಆರು ಅಡಿ ಎತ್ತರ. ಐದು ಖಾನೆ. ನೀವೆಲ್ಲ ಹಣ ಕೂಡಿಸಿ ಪೇಟೆಯಿಂದ ತರಿಸಿದ್ದು. ಇದು ಬಡಗಿ ಮಾಡಿದ ಕಪಾಟಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬಂತು. ಒಳಗೆ ಹಲಗೆ, ತಿರುಪು, ಮೊಳೆ, ಒಂದು ಹಾಳೆ. ಜೋಡಿಸೋದು ನಮ್ಮ ಕೆಲಸ. ಹೀಗೆ ಬಿಚ್ಚಿ ಮಾರುವ ಪದ್ಧತಿಯನ್ನು ಸ್ವೀಡನ್ ದೇಶದ ಐಕಿಯಾ ಕಂಪನಿ ಹೆಸರುವಾಸಿ ಮಾಡಿತು. ಚಪ್ಪಟೆ ಪೆಟ್ಟಿಗೆಗೆ ಜಾಗ ಕಡಿಮೆ ಸಾಕು. ಸಾಗಿಸುವ ಖರ್ಚೂ ಕಡಿಮೆ. ಈಗ ಎಷ್ಟೋ ಕಂಪನಿಗಳು ಹಾಗೇ ಮಾರುತ್ತವೆ.

ನಾನು ಒಂದೇ ಸಂಜೆ ಅವಸರದಲ್ಲಿ ಜೋಡಿಸಿದೆ. ಹಿಂದಿನ ತೆಳು ಹಲಗೆಗೆ ನಾಲ್ಕು ಮೂಲೆಗೆ ನಾಲ್ಕು ಮೊಳೆ ಹೊಡೆದೆ. ಉಳಿದದ್ದನ್ನು ಮೇಜಿನ ಡ್ರಾಯರಿಗೆ ಹಾಕಿದೆ. ಗೋಡೆಗೆ ಹಿಡಿಸುವ ಪಟ್ಟಿಯೂ ಅಲ್ಲೇ ಉಳಿಯಿತು. ಮೂರು ತಿಂಗಳಿಗೆ ಕಪಾಟು ಎಡಕ್ಕೆ ವಾಲಿತು. ನಾನು "ಆಮೇಲೆ ನೋಡೋಣ" ಅಂದೆ.

ಹೋದ ವಾರ ಏನಾಯ್ತು, ನಿಮಗೇ ಗೊತ್ತು. ನಾಲ್ಕು ವರ್ಷದ ಮಗು ಮೇಲಿನ ಚಿತ್ರದ ಪುಸ್ತಕ ತೆಗೆಯಲು ಹೋಯಿತು. ಕೆಳಗಿನ ಖಾನೆ ಹತ್ತಿತು, ಏಣಿ ಹತ್ತಿದ ಹಾಗೆ. ಕಪಾಟು ಮುಂದಕ್ಕೆ ಬಾಗಿತು. ತಾಯಿ ಪಕ್ಕದಲ್ಲೇ ಇದ್ದರು. ಮಗುವನ್ನು ಎಳೆದುಕೊಂಡರು. ಮತ್ತಿಬ್ಬರು ಓಡಿಬಂದು ಕಪಾಟು ಹಿಡಿದರು. ಮಗುವಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ಮರುದಿನ ಆ ತಾಯಿ ಬಂದು, "ಮೇಷ್ಟ್ರೇ, ಪೆಟ್ಟಿಗೆಯಲ್ಲಿ ಬಂದ ಹಾಳೆ ಎಲ್ಲಿ?" ಅಂದರು. ಹಾಳೆಯಲ್ಲಿ ಚಿತ್ರಗಳಿದ್ದವು, ಅಂಕಿಗಳಿದ್ದವು. ಮೊಳೆಯ ಚಿತ್ರದ ಮೇಲೆ ಬೆರಳಿಟ್ಟರು. ಪಕ್ಕದ ಅಂಕಿ ಓದಿದರು: 24. ಕಪಾಟಿನ ಹಿಂದೆ ಹೋಗಿ ಎಣಿಸಿದರು. "ಇಲ್ಲಿ ನಾಲ್ಕೇ ಇವೆಯಲ್ಲ. ಇನ್ನು ಇಪ್ಪತ್ತು ಎಲ್ಲಿ?" ಅಂತ ಕೇಳಿದರು.

ಕಳೆದ ವರ್ಷ ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಅದು. ನಾನು ತಲೆ ತಗ್ಗಿಸಿ ಡ್ರಾಯರ್ ತೆಗೆದೆ.

ಆಮೇಲೆ ಎಲ್ಲರೂ ಸೇರಿ ಸರಿಮಾಡಿದೆವು. ಹೇಗೆ ಮಾಡಿದೆವು, ಕೇಳಿ.

ಮೊದಲು ಪುಸ್ತಕ ಎಲ್ಲ ಇಳಿಸಿದೆವು. ತುಂಬಿದ ಕಪಾಟನ್ನು ಎಳೆಯಬಾರದು. ಎಳೆದರೆ ಕೀಲು ಸಡಿಲವಾಗುತ್ತದೆ. ಖಾಲಿ ಮಾಡಿ, ಇಬ್ಬರು ಸೇರಿ ಎತ್ತಬೇಕು.

ಎರಡನೆಯದು, ಹಿಂದಿನ ಹಲಗೆ. ತೆಳ್ಳಗಿದೆ, ಇದರಿಂದ ಏನು ಅಂದುಕೊಳ್ಳಬೇಡಿ. ಬೆಂಕಿಪೊಟ್ಟಣದ ಮೇಲಿನ ಕವಚ ಮಾತ್ರ ತಗೊಂಡು ಒತ್ತಿ ನೋಡಿ. ಓರೆಯಾಗಿ ಮಡಚಿಕೊಳ್ಳುತ್ತದೆ. ಒಳಗಿನ ಡಬ್ಬಿ ತೂರಿಸಿ ಒತ್ತಿ. ಅಲ್ಲಾಡೋದಿಲ್ಲ. ಕಪಾಟಿಗೆ ಹಿಂದಿನ ಹಲಗೆಯೂ ಹಾಗೆ. ಹಳೆ ಮೊಳೆ ಕಿತ್ತೆವು. ಒಂದು ದಾರ ಹಿಡಿದು ಮೂಲೆಯಿಂದ ಎದುರು ಮೂಲೆಗೆ ಅಳೆದೆವು. ಇನ್ನೆರಡು ಮೂಲೆಗೂ ಅಳೆದೆವು. ಎರಡು ಅಳತೆಯೂ ಸಮ ಬಂದರೆ ಕಪಾಟು ನೆಟ್ಟಗಿದೆ ಅಂತ ಅರ್ಥ. ಸಮ ಬರುವ ತನಕ ತಳ್ಳಿ, ಆಮೇಲೆ ಸುತ್ತಲೂ ಗೇಣಿಗೊಂದರಂತೆ 24 ಮೊಳೆಯನ್ನೂ ಹೊಡೆದೆವು.

ಮೂರನೆಯದು, ತಿರುಪು. ಈ ಹಲಗೆ ಇಡೀ ಮರ ಅಲ್ಲ. ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ್ದು. ಜೋರಾಗಿ ತಿರುಗಿಸಿದರೆ ಒಳಗೆ ಪುಡಿಯಾಗುತ್ತದೆ. ಕೈಗೆ ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ. ಗುಂಡು ಬೀಗದಂಥ ತಿರುಪುಗಳಿಗೆ ಸುಮಾರು ಅರ್ಧ ಸುತ್ತು ಸಾಕು. ತೂತು ದೊಡ್ಡದಾಗಿದ್ದರೆ ಬೆಂಕಿಕಡ್ಡಿಯ ಮದ್ದು ಮುರಿದು, ಕಡ್ಡಿಗೆ ಮರದ ಅಂಟು ಹಚ್ಚಿ ತೂತಿಗೆ ತುಂಬಿ. ಒಂದು ದಿನ ಒಣಗಲಿ. ಆಮೇಲೆ ತಿರುಪು ಹಾಕಿದರೆ ಹಿಡಿಯುತ್ತದೆ.

ನಾಲ್ಕನೆಯದು, ನೀರು. ಈ ಹಲಗೆ ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೂ ಮೊದಲಿನಂತೆ ಆಗೋದಿಲ್ಲ. ಅದಕ್ಕೇ ನೆಲಕ್ಕೆ ಬಕೆಟ್ಟಿನಿಂದ ನೀರು ಹೊಯ್ಯಬೇಡಿ. ಹಿಂಡಿದ ಬಟ್ಟೆಯಿಂದ ಒರೆಸಿ. ಮಳೆ ನೀರು ಸೋರುವ ಗೋಡೆ ಪಕ್ಕ ಕಪಾಟು ಇಡಬೇಡಿ. ನೆಲ ಏರುಪೇರಿದ್ದರೆ ಕಾಲಿನ ಕೆಳಗೆ ತೆಳು ಚಕ್ಕೆ ಕೊಟ್ಟು ಸಮ ಮಾಡಿ.

ಐದನೆಯದು, ಭಾರ. ದಪ್ಪ ಪುಸ್ತಕ ಕೆಳಗೆ, ಹಗುರ ಪುಸ್ತಕ ಮೇಲೆ. ಮಕ್ಕಳ ಪುಸ್ತಕ ಮಾತ್ರ ಮಕ್ಕಳ ಕೈಗೆ ಎಟುಕುವ ಕಡೆ ಇಡಿ. ಮೇಲಿಟ್ಟರೆ ಅವು ಹತ್ತದೆ ಇರುತ್ತವೆಯೇ? ನಡುವೆ ಬಾಗಿದ ಖಾನೆ ಹಲಗೆಯನ್ನು ತೆಗೆದು ಮಗುಚಿ ಹಾಕಿ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಕಪಾಟನ್ನು ಗೋಡೆಗೆ ಹಿಡಿಸಲೇಬೇಕು. ಇಟ್ಟಿಗೆ ಗೋಡೆಗೆ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ಹಾಕಿ, ಪಟ್ಟಿಯನ್ನು ತಿರುಪಿನಿಂದ ಬಿಗಿದೆವು. ಮಣ್ಣಿನ ಗೋಡೆಯಾದರೆ ತಿರುಪು ನಿಲ್ಲೋದಿಲ್ಲ. ಅಲ್ಲಿ ಗಟ್ಟಿಯಾದ ಮರದ ಕಂಬಕ್ಕೆ ಹಿಡಿಸಬೇಕು.

ಈಗ ಕಪಾಟು ಅಲ್ಲಾಡಿಸಿ ನೋಡಿ. ಜಗ್ಗೋದಿಲ್ಲ. ಆದರೂ ಮಳೆಗಾಲದ ಮೊದಲು ಒಂದು ಸಲ, ಆಮೇಲೆ ಒಂದು ಸಲ ಎಲ್ಲ ಕೀಲನ್ನೂ ಮುಟ್ಟಿ ನೋಡೋಣ. ಈ ಸಲ ನೋಡುವವರು ಯಾರು? ನಾನೊಬ್ಬನೇ ಬೇಡ. ನೀವೂ ಬನ್ನಿ.

ಇನ್ನೊಂದು ಮಾತು. ಮನೆಗೆ ಏನೇ ತನ್ನಿ. ಔಷಧಿ ಇರಲಿ, ಗೊಬ್ಬರ ಇರಲಿ, ಗ್ಯಾಸ್ ಒಲೆ ಇರಲಿ. ಜೊತೆಗೆ ಬಂದ ಹಾಳೆಯನ್ನು ಎಸೆಯಬೇಡಿ. ಬೆರಳಿಟ್ಟು ಓದಿ. ಅರ್ಥವಾಗದಿದ್ದರೆ ಇಲ್ಲಿಗೆ ತನ್ನಿ, ಕೂಡಿ ಓದೋಣ. ಮೇಷ್ಟ್ರು ಮಾಡಿದ್ದಾರೆ, ಸರಿಯಾಗೇ ಇರುತ್ತದೆ ಅಂತ ಸುಮ್ಮನಿರಬೇಡಿ. ಎಣಿಸಿ ನೋಡಿ. ಕೇಳಿ.