ನಿವೃತ್ತಿಯ ವಯಸ್ಸು: ಯಾರ ಲೆಕ್ಕ?

(ಫೋರ್ಟಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನುಷ್ಯನ ಆಯುಸ್ಸು ಹೆಚ್ಚಿರುವಾಗ ನಿವೃತ್ತಿಯ ವಯಸ್ಸೂ ಹೆಚ್ಚಬೇಡವೆ ಎಂಬ ಪ್ರಶ್ನೆಯನ್ನು ಇಂದು ನನ್ನ ಮುಂದಿರಿಸಿದ್ದೀರಿ. ಅದನ್ನು ಫೋರ್ಟಿನಲ್ಲಿ ಕೇಳುವುದು ಉಚಿತವೇ. ಹಾರ್ನಿಮನ್ ಸರ್ಕಲಿನ ಸುತ್ತಲ ಬ್ಯಾಂಕುಗಳಲ್ಲಿ ನಮ್ಮವರು ದುಡಿದಿದ್ದಾರೆ. ಅವುಗಳ ಹಿಂದಣ ಗಲ್ಲಿಗಳ ಹೊಟೇಲುಗಳಲ್ಲಿಯೂ ನಮ್ಮವರೇ ದುಡಿದಿದ್ದಾರೆ. ನಿವೃತ್ತಿಯೆಂಬ ಶಬ್ದ ಮೊದಲಿನವರಿಗೆ ಗೊತ್ತು, ಎರಡನೆಯವರಿಗೆ ಗೊತ್ತಿಲ್ಲ.

ಕೇಂದ್ರ ಸರ್ಕಾರವು ತನ್ನ ನೌಕರರ ನಿವೃತ್ತಿಯ ವಯಸ್ಸನ್ನು 1962ರಲ್ಲಿ 55ರಿಂದ 58ಕ್ಕೂ, 1998ರಲ್ಲಿ 60ಕ್ಕೂ ಏರಿಸಿತು. ಕರ್ನಾಟಕ 2008ರಲ್ಲಿ 60ಕ್ಕೆ ಬಂತು. ಏರಿಕೆಯನ್ನು ಬಯಸುವವರು ತೋರಿಸುವ ಅಂಕಿ ಒಂದಿದೆ: ಸ್ವಾತಂತ್ರ್ಯದ ಕಾಲಕ್ಕೆ 32ರ ಆಸುಪಾಸಿನಲ್ಲಿದ್ದ ಸರಾಸರಿ ಆಯುಸ್ಸು ಈಗ 70ರ ಆಸುಪಾಸಿನಲ್ಲಿದೆ. ಆದರೆ ಅಂದಿನ ಜನ ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿರಲಿಲ್ಲ. ತೊಟ್ಟಿಲಲ್ಲೇ ತೀರಿಹೋಗುತ್ತಿದ್ದ ಮಕ್ಕಳೂ ಆ ಸರಾಸರಿಯಲ್ಲಿ ಸೇರಿದ್ದರು. ಹೆಚ್ಚಿದ ವರ್ಷಗಳಲ್ಲಿ ದೊಡ್ಡ ಪಾಲು ಬದುಕಿ ಉಳಿದ ಆ ಮಕ್ಕಳದು. 60 ತಲುಪಿದವನಿಗೆ ಮುಂದೆ ಸರಾಸರಿ ಸುಮಾರು 18 ವರ್ಷಗಳ ಬದುಕಿದೆ. ಅದೂ ಹಿಂದಿಗಿಂತ ಹೆಚ್ಚೇ. ಆದರೆ ಆ ಪ್ರಮಾಣದಲ್ಲಿ ಅಲ್ಲ.

ವಯಸ್ಸನ್ನು ಎರಡು ವರ್ಷ ಏರಿಸಿದರೆ ಗ್ರಾಚ್ಯುಯಿಟಿ, ಪಿಂಚಣಿಗಳ ಭಾರವೂ ಎರಡು ವರ್ಷ ಮುಂದೆ ಹೋಗುತ್ತದೆ. ಯಾವ ಹಣಕಾಸು ಮಂತ್ರಿಗೆ ಇದು ಅಪ್ರಿಯ? ಇನ್ನು ಕೇರಳವನ್ನು ನೋಡಿ. ದೇಶದಲ್ಲಿ ಹೆಚ್ಚು ಕಾಲ ಬದುಕುವವರಲ್ಲಿ ಅಲ್ಲಿನ ಜನರೂ ಸೇರಿದ್ದಾರೆ. ಆದರೂ 2012ರಲ್ಲಿ ಅಲ್ಲಿನ ಸರ್ಕಾರ 55ನ್ನು 56 ಮಾಡಹೊರಟಾಗ ಯುವಜನ ಸಂಘಟನೆಗಳು ಸಿಡಿದೆದ್ದವು. ಓದಿ ಕುಳಿತ ಮಕ್ಕಳಿಗೆ ಖಾಲಿ ಕುರ್ಚಿ ಬೇಕಾಗಿತ್ತು.

ನಮ್ಮ ಬ್ಯಾಂಕುಗಳ ಕಥೆ ಇನ್ನೂ ವಿಚಿತ್ರ. 1998ರಲ್ಲಿ 60 ಎಂದ ಸರ್ಕಾರದ ಬ್ಯಾಂಕುಗಳೇ 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆಯನ್ನು ತಂದವು. ವಯಸ್ಸು 40 ಆಗಿದ್ದರೆ, ಇಲ್ಲವೇ ಸೇವೆ 15 ವರ್ಷ ಆಗಿದ್ದರೆ ಹೊರಡಬಹುದಾಗಿತ್ತು. ಸುಮಾರು ಒಂದು ಲಕ್ಷ ಮಂದಿ ಹೊರಟರು. ಎರಡೇ ವರ್ಷಗಳಲ್ಲಿ ದೇಶದ ಆಯುಸ್ಸು ಇಳಿದಿತ್ತೆ? ಆಯುಸ್ಸು ನೆಪ, ಲೆಕ್ಕಪುಸ್ತಕ ನಿಜ ಎಂದು ನಾನು ಆಗಲೇ ತಿಳಿದೆ.

ನನ್ನ ತಕರಾರು ವಯಸ್ಸನ್ನು ಎಣಿಸುವ ಕ್ರಮದ ಮೇಲೆಯೇ ಇದೆ. ಇಪ್ಪತ್ತೈದಕ್ಕೆ ಅಧಿಕಾರಿಯಾಗಿ ಸೇರಿದವನು ಅರವತ್ತಕ್ಕೆ 35 ವರ್ಷ ದುಡಿದಿರುತ್ತಾನೆ. ಹದಿನಾಲ್ಕಕ್ಕೆ ಊರು ಬಿಟ್ಟು ಬಂದು ಹಗಲು ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಗುಮಾಸ್ತನಾದವನು ಅಷ್ಟರಲ್ಲಿ 46 ವರ್ಷ ದುಡಿದಾಯಿತು. ಅಂಥವರು ಈ ಸಭೆಯಲ್ಲೇ ಇದ್ದೀರಿ. ದಶಕಗಳ ಕಾಲ ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ನಿಂತು ಬಂದ ಮೊಣಕಾಲಿಗೆ ಇನ್ನೆರಡು ವರ್ಷ ಎನ್ನುವುದು ಬಡ್ತಿಯಲ್ಲ. ದುಡಿಯುವ ಉತ್ಸಾಹ ಉಳಿದವರು ದುಡಿಯಲಿ, ಅದಕ್ಕೆ ಅವಕಾಶವಿರಲಿ. ಆದರೆ ಪಿಂಚಣಿಯ ಹಕ್ಕು ಹುಟ್ಟುವ ದಿನವನ್ನು ಮುಂದೂಡಕೂಡದು.

ಇನ್ನು ಹೊಟೇಲಿನ ಅಡುಗೆಮನೆಯಲ್ಲೇ ಉಳಿದುಹೋದವರ ಮಾತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 58ಕ್ಕೆ ಪಿಂಚಣಿ ಸಿಗುತ್ತದೆ. ಅದರ ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದದ್ದು ತಿಂಗಳಿಗೆ 1000 ರೂಪಾಯಿ. ಅದೂ ಹೆಸರು ದಾಖಲಾಗಿದ್ದವರಿಗೆ ಮಾತ್ರ. ಹೆಸರಿಲ್ಲದವನು ಒಲೆಯ ಮುಂದೆ ನಿಲ್ಲಲಾಗದ ದಿನ ಊರಿನ ಬಸ್ಸು ಹತ್ತುತ್ತಾನೆ. ಅವನಿಗೆ ಬೀಳ್ಕೊಡುಗೆಯ ಶಾಲೂ ಇಲ್ಲ.

ಇಲ್ಲಿ ಹೊಟೇಲು ಮಾಲೀಕರೂ ಕುಳಿತಿದ್ದೀರಿ, ಬೇಸರಿಸಬೇಡಿ. ಇಪ್ಪತ್ತು ಮಂದಿ ದುಡಿಯುವಲ್ಲಿ ಭವಿಷ್ಯನಿಧಿಯ ಕಾಯಿದೆ ಅನ್ವಯಿಸುತ್ತದೆ. ನಿಮ್ಮ ಅಡುಗೆಭಟ್ಟರ, ಲೋಟ ತೊಳೆಯುವ ಹುಡುಗರ ಹೆಸರು ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ನಾಳೆ ಬೆಳಿಗ್ಗೆ ಗಲ್ಲೆಗೆ ಕೂರುವ ಮುನ್ನ ಒಮ್ಮೆ ನೋಡಿ.