ಮಗುವಿನ ನೆತ್ತಿಯ ಹಕ್ಕಳೆ

(ಸಂಘದ ತಾಯ್ತಂದೆಯರ ಕೂಟದಲ್ಲಿ ಮಾಡಿದ ಭಾಷಣ)



ಪಂಪ ರನ್ನರನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯಲ್ಲಿದ್ದಾರೆ. ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತೆಯಾದ ನಮ್ಮಂಥವರಿಗೆ ಕಾರ್ಯದರ್ಶಿಗಳು, "ನೀವು ಪಟ್ಟ ಪಾಡನ್ನೇ ಹೇಳಿ" ಎಂದು ಅಪ್ಪಣೆ ಮಾಡಿದರು. ನಾವು ವೈದ್ಯರಲ್ಲ, ಪೆಟ್ಟು ತಿಂದು ಕಲಿತವರು. ಪೆಟ್ಟು ಬಿದ್ದದ್ದು ಮಾತ್ರ ನಮ್ಮ ಮಗಳ ತಲೆಗೆ.

2019ರ ಬೇಸಿಗೆ ತಮಗೆಲ್ಲ ನೆನಪಿರಬೇಕು. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬತ್ತಿ, ಮೆಟ್ರೊ ವಾಟರ್ ಲಾರಿಯ ಮುಂದೆ ಕೊಡ ಹಿಡಿದು ನಿಂತ ಕಾಲ. ಮಗಳಿಗೆ ಆಗ ಒಂದೂವರೆ ವರ್ಷ. ಎಳೆಗೂಸಾಗಿದ್ದಾಗ ನೆತ್ತಿಯ ಮೇಲೆ ಕಾಣಿಸಿಕೊಂಡಿದ್ದ ಹಳದಿ ಹೊಟ್ಟು ಒಮ್ಮೆ ತಗ್ಗಿದಂತೆ ಕಂಡು, ಆ ಬೇಸಿಗೆಯಲ್ಲಿ ದಪ್ಪನಾಗಿ, ಜಿಡ್ಡಾಗಿ, ಹಕ್ಕಳೆಗಟ್ಟಿ ಕೂತಿತು. ಇಂಗ್ಲಿಷಿನವರು ಇದನ್ನು 'ಕ್ರೇಡಲ್ ಕ್ಯಾಪ್', ಎಂದರೆ ತೊಟ್ಟಿಲ ಟೋಪಿ, ಎನ್ನುತ್ತಾರೆ. ಹೆಸರೇನೋ ಮುದ್ದಾಗಿದೆ. ತೊಟ್ಟಿಲು ಬಿಟ್ಟು ಓಡಾಡುವ ಮಗುವಿಗೆ ಆ ಟೋಪಿ ಉಳಿದರೆ ಮುದ್ದಾಗಿರುವುದಿಲ್ಲ.

ಇಂಥದರಲ್ಲಿ ಮಾತು ಕೇಳಬೇಕಾದವಳು ತಾಯಿ. ನಮ್ಮ ತಾಯಿಯವರು ಊರಿನಿಂದ ಫೋನು ಮಾಡಿ, "ಮಗೂಗೆ ತಲೆಗೆ ನೀರು ಹಾಕೋದಿಲ್ಲವೇನಮ್ಮ?" ಎಂದರು. ಪಕ್ಕದ ಮನೆಯ ಪಾಟಿ ಬೋರಿನ ಉಪ್ಪುನೀರನ್ನು ದೂರಿದರು. ಒಂದು ಮದುವೆಯಲ್ಲಿ ಯಾರೋ ತಮ್ಮ ಮಗುವನ್ನು ನಮ್ಮ ಮಗಳ ಪಕ್ಕದಿಂದ ಮೆಲ್ಲನೆ ಎತ್ತಿಕೊಂಡು ಆಚೆ ಹೋದರು. ಅಂದು ನಮ್ಮ ಮನೆಯವರು ಊಟ ಮಾಡಲಿಲ್ಲ.

ಮರುದಿನ ಭಾನುವಾರ ನಾವು ಪರಾಕ್ರಮ ತೋರಿಸಿದೆವು. ಹೇನು ತೆಗೆಯುವ ಸೀರಣಿಗೆಯಿಂದ ಹಕ್ಕಳೆಯನ್ನು ಕೆರೆದೆವು. ಕೂದಲೂ ಕಿತ್ತು ಬಂದಿತು, ರಕ್ತವೂ ಜಿನುಗಿತು. ಯಾರೋ ಹೇಳಿದ್ದರೆಂದು ಅದರ ಮೇಲೆ ನಿಂಬೆಯ ರಸ ಹಚ್ಚಿದೆವು. ಮಗುವಿನ ಆ ಕೂಗು ಈಗಲೂ ಕಿವಿಯಲ್ಲಿದೆ. ಮೂರನೆಯ ದಿನ ಗಾಯ ಸೋರಿ ವಾಸನೆ ಬಂದಿತು, ಕಿವಿಯ ಹಿಂದೆ ಗಂಟು ಕಟ್ಟಿತು. ಬಾಚಣಿಗೆ ಕಂಡರೆ ಮಗು ಮಂಚದ ಕೆಳಗೆ ನುಸುಳತೊಡಗಿತು.

ಮಕ್ಕಳ ವೈದ್ಯೆ ತಲೆಯನ್ನು ನೋಡಿ, "ಕೆರೆದವರು ಯಾರು?" ಎಂದು ನಮ್ಮ ಮನೆಯವರ ಕಡೆ ತಿರುಗಿದರು. ನಾವು ಶಾಲೆಯ ಹುಡುಗನಂತೆ ಕೈ ಎತ್ತಿದೆವು.

ಆಕೆ ಹೇಳಿದ್ದಿಷ್ಟು. ಇದು ಕೊಳೆಯಲ್ಲ, ಅಂಟುರೋಗವಲ್ಲ, ತಾಯಿಯ ಸೋಮಾರಿತನವಂತೂ ಅಲ್ಲ. ನೆತ್ತಿಯ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಹುಟ್ಟುವ ಮೊದಲು ತಾಯಿಯಿಂದ ಬಂದ ಹಾರ್ಮೋನುಗಳ ಪ್ರಭಾವವೆಂದು ಊಹೆ. ಸತ್ತ ಚರ್ಮ ಉದುರದೆ ಆ ಜಿಡ್ಡಿಗೆ ಅಂಟುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಮಲಸೀಜಿಯ ಎಂಬ ಶಿಲೀಂಧ್ರಕ್ಕೂ ಇದರಲ್ಲಿ ಪಾಲುಂಟು; ಅದಕ್ಕೆ ಜಿಡ್ಡೇ ಆಹಾರ. ನಾವೋ ದಿನವೂ ಬೆಳಿಗ್ಗೆ ಎಣ್ಣೆ ಹಚ್ಚಿ, ನೀರಿಲ್ಲವೆಂದು ತೊಳೆಯದೆ ಬಿಟ್ಟಿದ್ದೆವು. ಶಿಲೀಂಧ್ರಕ್ಕೆ ನಿತ್ಯ ಸಂತರ್ಪಣೆ!

ಬಹುಪಾಲು ಮಕ್ಕಳಿಗೆ ಒಂದು ವರ್ಷದೊಳಗೆ ಇದು ತಾನಾಗಿಯೇ ಹೋಗುತ್ತದೆ. ಆಮೇಲೂ ಉಳಿದರೆ ಬೇರೇನಾದರೂ ಇರಬಹುದೇ ಎಂದು ವೈದ್ಯರು ನೋಡಬೇಕು. ಹುಳುಕಡ್ಡಿಯಾದರೆ ಕೂದಲು ಅಲ್ಲಲ್ಲಿ ಉದುರುತ್ತದೆ, ಇತರ ಮಕ್ಕಳಿಗೂ ಹರಡುತ್ತದೆ, ಕೆಲವು ವಾರ ಹೊಟ್ಟೆಗೇ ಔಷಧ ಬೇಕು. ಇಸುಬಾದರೆ ಮಗು ನಿದ್ದೆಗೆಟ್ಟು ಕೆರೆದುಕೊಳ್ಳುತ್ತದೆ. ರಸ ಸೋರಿದರೂ, ಜ್ವರ ಬಂದರೂ, ಮೈಗೆಲ್ಲ ಹರಡಿದರೂ ತಡಮಾಡಬಾರದು. ಖಾಸಗಿ ವೈದ್ಯರ ಖರ್ಚು ಭಾರವಾದವರಿಗೆ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆ ಇದೆ.

ಮೊದಲು ಗಾಯ ಮಾಯಿಸಿದರು. ಆಮೇಲೆ ಕಲಿಸಿದ ಕ್ರಮ ಹೀಗೆ: ಹಕ್ಕಳೆಯ ಮೇಲೆ ಸ್ವಲ್ಪ ಬೇಬಿ ಎಣ್ಣೆ ಸವರಿ, ಮೆತ್ತಗಾಗುವವರೆಗೆ ಕಾದು, ಎಳೆಗೂಸಿನ ಮೃದುವಾದ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ, ಎಣ್ಣೆ ಉಳಿಯದಂತೆ ಮಕ್ಕಳ ಶಾಂಪೂ ಹಾಕಿ ತೊಳೆಯುವುದು. ಬಂದಷ್ಟು ಬರಲಿ, ಉಳಿದದ್ದು ಇನ್ನೊಂದು ದಿನಕ್ಕೆ. ಅರ್ಧ ಬಕೆಟ್ಟು ನೀರು ಸಾಕಾಯಿತು. ನಮ್ಮ ಮಗಳಿಗೆ ಕೀಟೊಕೊನಜೋಲ್ ಶಾಂಪೂವನ್ನೂ ಬರೆದುಕೊಟ್ಟರು. ಅದನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಹಾಕಬೇಡಿ.

ತಿರುಪತಿ ನಮಗೆ ಹತ್ತಿರ. "ಮುಡಿ ಕೊಟ್ಟರೆ ಹೋಗುತ್ತೆ" ಎನ್ನುವವರು ಬಹಳ. ಹರಕೆ ಇದ್ದರೆ ಸಲ್ಲಿಸೋಣ, ಆದರೆ ಹಕ್ಕಳೆ ಮಾಯ್ದ ಮೇಲೆ. ಉಬ್ಬಿದ ಹಕ್ಕಳೆಯ ಮೇಲೆ ಕತ್ತಿ ಆಡಿಸಿದರೆ ನಮ್ಮ ಸೀರಣಿಗೆಯ ಕಥೆಯೇ.

ಆರು ವಾರಗಳಲ್ಲಿ ನೆತ್ತಿ ಶುದ್ಧವಾಯಿತು. ಬಾಚಣಿಗೆಯ ಭಯ ಹೋಗಲು ಇನ್ನೂ ಬಹಳ ಕಾಲ ಹಿಡಿಯಿತು. ದಿನವೂ ಮಗುವಿನ ಕೈಗೆ ಬ್ರಷ್ಷು ಕೊಟ್ಟು ಮೊದಲು ನಮ್ಮ ತಲೆಯನ್ನು ಉಜ್ಜಿಸಿಕೊಂಡೆವು; ಅಲ್ಲಿ ಹೆಚ್ಚು ಕೂದಲಿಲ್ಲದ್ದು ಅವಳಿಗೆ ಅನುಕೂಲವೇ ಆಯಿತು. ಈಗ ಎರಡು ಜಡೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ, ತನ್ನ ಕಥೆ ಹೇಳಿದ್ದಕ್ಕೆ ನಮ್ಮನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಆದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇವೆ.