ಹಲ್ಲನ್ನು ಉಳಿಸುವ ವಿದ್ಯೆ



ಶರೀರದ ಅಂಗಗಳಲ್ಲಿ ಹಲ್ಲು ಬಹು ಚಿಕ್ಕದು. ಕಣ್ಣಿಗೆ ಸಲ್ಲುವ ಮರ್ಯಾದೆ ಅದಕ್ಕೆ ಸಲ್ಲುವುದಿಲ್ಲ. ನೋಯುವ ತನಕ ಅದರ ನೆನಪಿರದು. ನೋವು ಬಂದ ಮೇಲೆ ಅದರ ಹೊರತು ಬೇರೆ ನೆನಪಿರದು. ಉಣ್ಣುವ ಅನ್ನಕ್ಕೂ ಆಡುವ ಮಾತಿಗೂ ಆಧಾರವಾದ ಈ ಅಂಗವನ್ನು ಕಾಪಾಡುವುದಕ್ಕಾಗಿ ಒಂದು ದೊಡ್ಡ ಶಾಸ್ತ್ರವೇ ಬೆಳೆದಿದೆಯೆಂಬುದೂ, ಅದನ್ನು ವರ್ಷಗಟ್ಟಲೆ ಶ್ರಮಪಟ್ಟು ಕಲಿಯುವ ಸ್ತ್ರೀಪುರುಷರಿರುವರೆಂಬುದೂ ಗುಡ್ಡಗಾಡಿನ ಅನೇಕರಿಗೆ ತಿಳಿಯದು. ಆ ವಿದ್ಯೆಯ ಸ್ವರೂಪವೇನು, ಅದು ನಡೆಯುವ ವೈದ್ಯಶಾಲೆಯ ದಿನಚರ್ಯೆ ಎಂಥದು, ರೋಗಿಯು ಅಲ್ಲಿಂದ ಕಲಿಯಬೇಕಾದುದೇನು ಎಂಬುದೇ ಈ ಉಪನ್ಯಾಸದ ವಿಷಯ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲುದಾರಿಯ ನಡುವೆ ಎಡಕುಮೇರಿ ಎಂಬ ನಿಲ್ದಾಣವಿದೆ. 1979ರಲ್ಲಿ ಮೀಟರ್ ಗೇಜಾಗಿ ತೆರೆದು, ತರುವಾಯ ಬ್ರಾಡ್ ಗೇಜಿಗೆ ಮಾರ್ಪಟ್ಟ ಈ ಘಟ್ಟದ ದಾರಿಯು ಸುಮಾರು 55 ಕಿಲೋಮೀಟರಿನೊಳಗೆ ಐವತ್ತಕ್ಕೂ ಮಿಕ್ಕಿದ ಸುರಂಗಗಳನ್ನೂ ನೂರಕ್ಕೂ ಮಿಕ್ಕಿದ ಸೇತುವೆಗಳನ್ನೂ ದಾಟುತ್ತದೆ. ಐವತ್ತು ಅಡಿ ಸಾಗಿದರೆ ಒಂದಡಿ ಇಳಿಯುವಷ್ಟು ಕಡಿದಾದ ದಾರಿಯದು. ಎಡಕುಮೇರಿಗೆ ಆ ಹಳಿಯೇ ರಾಜಮಾರ್ಗ. ಮಳೆಗಾಲದಲ್ಲಿ ಅದೂ ನಂಬತಕ್ಕದ್ದಲ್ಲ. 2024ರ ಜುಲೈ ತಿಂಗಳಲ್ಲಿ ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಗುಡ್ಡ ಕುಸಿದು ಹಲವು ದಿನಗಳ ಕಾಲ ರೈಲು ಸಂಚಾರವೇ ನಿಂತುಹೋಯಿತು.

ಅಂಥ ಸ್ಥಳದಲ್ಲಿ ಹಳಿ ಕಾಯುವ ಕೆಲಸಗಾರನೊಬ್ಬನಿಗೆ ಆಷಾಢದ ನಡುರಾತ್ರಿಯಲ್ಲಿ ದವಡೆಹಲ್ಲು ನೋಯತೊಡಗಿತೆಂದು ಎಣಿಸಿರಿ. ಮಲಗಿದರೆ ನೋವು ಹೆಚ್ಚುತ್ತದೆ. ಎದ್ದು ಕುಳಿತರೆ ತುಸು ತಗ್ಗುತ್ತದೆ. ಅವನು ಲವಂಗವನ್ನು ಕಚ್ಚಿ ಹಿಡಿಯುತ್ತಾನೆ, ಉಪ್ಪುನೀರು ಮುಕ್ಕಳಿಸುತ್ತಾನೆ. ಮಳೆ ಬಿಟ್ಟೊಡನೆ ಸಕಲೇಶಪುರಕ್ಕೆ ಹೋಗಿ ಹಲ್ಲನ್ನು ಕೀಳಿಸಿಯೇ ಬರಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಕೆಲವು ದಿನಗಳಾದ ಮೇಲೆ ನೋವು ತಾನಾಗಿಯೇ ನಿಂತುಹೋಗುತ್ತದೆ. ದೇವರು ದೊಡ್ಡವನೆಂದು ಕೈಮುಗಿದು ಅವನು ಪ್ರಯಾಣವನ್ನು ನಿಲ್ಲಿಸಿಬಿಡುತ್ತಾನೆ. ಅವನಿಗೆ ಅಪಾಯವು ಪ್ರಾರಂಭವಾಗುವುದು ಅಂದೇ.

ಇದರ ಕಾರಣವನ್ನು ತಿಳಿಯಬೇಕಾದರೆ ಹಲ್ಲಿನ ರಚನೆಯನ್ನು ಅರಿಯಬೇಕು. ಹೊರಗೆ ಎನಾಮಲ್ ಎಂಬ ಕವಚ. ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ಪದಾರ್ಥವಿಲ್ಲ. ಅದರೊಳಗೆ ಎಲುಬಿನಂಥ ಇನ್ನೊಂದು ಪದರ. ಎಲ್ಲಕ್ಕೂ ಒಳಗೆ ರಕ್ತನಾಳಗಳೂ ನರಗಳೂ ಕೂಡಿದ ಮೃದುವಾದ ತಿರುಳು. ಬಾಯಲ್ಲಿ ಉಳಿದ ಸಿಹಿಯನ್ನು ಕ್ರಿಮಿಗಳು ಹುಳಿಯಾಗಿ ಮಾರ್ಪಡಿಸುತ್ತವೆ. ಆ ಹುಳಿಯು ಮೇಲಿನ ಕವಚವನ್ನು ಕರಗಿಸುತ್ತದೆ. ಕುಳಿಯು ತಿರುಳಿನ ತನಕ ಮುಟ್ಟಿದಾಗ ತಿರುಳು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿಯಾದ ಗೋಡೆಯಿರುವುದರಿಂದ ಊದಿಕೊಳ್ಳಲು ಎಡೆಯಿಲ್ಲ; ಆ ಒತ್ತಡವೇ ನಡುರಾತ್ರಿಯ ನೋವು. ಕೊನೆಗೆ ತಿರುಳು ಸಾಯುತ್ತದೆ. ನರವು ಸತ್ತ ಮೇಲೆ ನೋವನ್ನು ತಿಳಿಸುವವರಾರು? ನೋವು ನಿಲ್ಲುತ್ತದೆ, ರೋಗವು ನಿಲ್ಲುವುದಿಲ್ಲ. ಅದು ಬೇರಿನ ತುದಿಯಿಂದ ಹೊರಬಿದ್ದು ದವಡೆಯ ಎಲುಬಿನಲ್ಲಿ ಕೀವುಗಟ್ಟುತ್ತದೆ. ಕೆಳದವಡೆಯ ಕೀವು ನಾಲಗೆಯ ಅಡಿಗೂ ಕುತ್ತಿಗೆಗೂ ಇಳಿದು ಉಸಿರಿನ ದಾರಿಯನ್ನೇ ಕಟ್ಟಿ ಪ್ರಾಣ ತೆಗೆಯುವುದೂ ಉಂಟು. ಲವಂಗದೆಣ್ಣೆಯು ನೋವನ್ನು ಮರೆಸಬಲ್ಲುದೇ ಹೊರತು ಇದನ್ನು ತಡೆಯಲಾರದು.

ಇಂಥ ಹಲ್ಲನ್ನು ಕಿತ್ತೆಸೆಯುವುದು ಹಿಂದಿನವರಿಗೂ ತಿಳಿದಿತ್ತು. ಕೀಳದೆ ಉಳಿಸುವುದೇ ಹೊಸ ವಿದ್ಯೆ. ಭಾರತದಲ್ಲಿ ಡಾಕ್ಟರ್ ರಫಿಯುದ್ದೀನ್ ಅಹಮದ್ ಎಂಬ ಮಹನೀಯರು 1920ರಲ್ಲಿ ಕಲ್ಕತ್ತೆಯಲ್ಲಿ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. 1948ರಲ್ಲಿ ದಂತವೈದ್ಯರ ಕಾಯಿದೆಯು ಜಾರಿಗೆ ಬಂದು ಈ ವೃತ್ತಿಗೆ ಕಟ್ಟುಪಾಡು ಏರ್ಪಟ್ಟಿತು. ಕನ್ನಡನಾಡಿನಲ್ಲಿ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ, ಮಣಿಪಾಲದ ಕಾಲೇಜು 1965ರಲ್ಲಿಯೂ ಪ್ರಾರಂಭವಾದವು. ಅನ್ನ, ಅಕ್ಷರಗಳ ದಾಸೋಹಕ್ಕೆ ಹೆಸರಾದ ಸುತ್ತೂರು ಶ್ರೀಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ನೆಲೆಗೊಳಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಆಶ್ರಯದಲ್ಲಿ 1986ರಲ್ಲಿ ಮೈಸೂರಿನ ದಂತವೈದ್ಯ ಕಾಲೇಜು ಹುಟ್ಟಿತು. ಮಠವು ಹೊಟ್ಟೆಗೆ ಅನ್ನವಿಕ್ಕಿದರೆ ಸಾಲದು, ಆ ಅನ್ನವನ್ನು ಅಗಿಯುವ ಹಲ್ಲಿನ ಯೋಗಕ್ಷೇಮವೂ ಅದಕ್ಕೆ ಸೇರಿದ್ದೆಂಬುದಕ್ಕೆ ಇದೊಂದು ನಿದರ್ಶನ. ಎಡಕುಮೇರಿಯ ರೈಲುದಾರಿಯನ್ನೇ ನೋಡಿರಿ: ಮೇಲಕ್ಕೆ ಹೋದರೆ ಹಾಸನದಲ್ಲಿ ಶ್ರೀ ಹಾಸನಾಂಬ ದಂತವೈದ್ಯ ಕಾಲೇಜು, ಕೆಳಕ್ಕೆ ಇಳಿದರೆ ಮಂಗಳೂರಿನ ಕಾಲೇಜುಗಳು. ಹಳಿಯ ಎರಡು ಕೊನೆಗಳಲ್ಲಿಯೂ ವಿದ್ಯೆಯಿದೆ.

ದಂತವೈದ್ಯನಾಗತಕ್ಕವನು ನಾಲ್ಕು ವರ್ಷ ಓದಿ, ಒಂದು ವರ್ಷ ಆಸ್ಪತ್ರೆಯಲ್ಲಿ ಕೈಕೆಲಸದ ಅಭ್ಯಾಸ ಮಾಡತಕ್ಕದ್ದು. ಒಂದು ಶಾಖೆಯಲ್ಲಿ ವಿಶೇಷಜ್ಞನಾಗಬೇಕಾದರೆ ಮತ್ತೆ ಮೂರು ವರ್ಷ. ವಕ್ರದಂತಗಳನ್ನು ನೇರಮಾಡುವುದು ಒಂದು ಶಾಖೆ, ವಸಡಿನ ರೋಗ ಇನ್ನೊಂದು, ಮಕ್ಕಳ ಹಲ್ಲು ಮತ್ತೊಂದು. ಹಲ್ಲಿನ ಬೇರಿನೊಳಗಿನ ನಾಳಗಳನ್ನು ಶುದ್ಧಮಾಡಿ ಹಲ್ಲನ್ನು ಉಳಿಸುವ ಶಾಖೆಯನ್ನೇ ಇಲ್ಲಿ ಮುಖ್ಯವಾಗಿ ಎತ್ತಿಕೊಳ್ಳಲಾಗಿದೆ. ಜನರು ಅದನ್ನು ರೂಟ್ ಕೆನಾಲ್ ಎಂದು ಕರೆಯುತ್ತಾರೆ.

ಅಂಥ ವೈದ್ಯಶಾಲೆಯ ಬೆಳಗು ರೋಗಿಯು ಬರುವುದಕ್ಕೆ ಬಹು ಮೊದಲೇ ಪ್ರಾರಂಭವಾಗುತ್ತದೆ. ಸಹಾಯಕಳು ಉಪಕರಣಗಳನ್ನು ತೊಳೆದು, ಪೊಟ್ಟಣಗಳಲ್ಲಿ ಕಟ್ಟಿ, ಆಟೋಕ್ಲೇವ್ ಎಂಬ ಪಾತ್ರೆಯಲ್ಲಿಡುತ್ತಾಳೆ. ಅಲ್ಲಿ ಒತ್ತಡದ ಹಬೆಯು 121 ಡಿಗ್ರಿ ಶಾಖದಲ್ಲಿ, ಕಡಿಮೆಯೆಂದರೆ 15 ನಿಮಿಷ, ಕ್ರಿಮಿಗಳನ್ನು ಕೊಲ್ಲುತ್ತದೆ. ಈ ಕೆಲಸವನ್ನು ರೋಗಿಯು ನೋಡುವುದಿಲ್ಲ. ನೋಡಿದರೂ ಅದರ ಬೆಲೆಯನ್ನು ಅರಿಯಲಾರನು. ಆದರೆ ಒಬ್ಬನ ರೋಗವು ಮತ್ತೊಬ್ಬನಿಗೆ ಅಂಟದಿರುವುದು ಅವಳ ಶ್ರದ್ಧೆಯಿಂದ. ಹೊಸದಾಗಿ ಸೇರಿದ ಕಿರಿಯ ವೈದ್ಯರನ್ನು ತಿಳಿವಳಿಕೆಯುಳ್ಳ ಹಿರಿಯರು ಮೊದಲು ಕುರ್ಚಿಯ ಬಳಿಗೆ ಕರೆಯದೆ, ಈ ತೊಳೆಯುವ ಮನೆಗೇ ಕಳುಹಿಸುವರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತಿಗೆ ಅಲ್ಲಿ ಅರ್ಥ ಬರುತ್ತದೆ.

ಎರಡನೆಯ ಪಾಠವು ಕೇಳುವುದು. ಯಾವಾಗಿನಿಂದ ನೋವು, ಬಿಸಿಗೋ ತಣ್ಣಗಿನದಕ್ಕೋ, ತಾನಾಗಿಯೇ ಬರುವುದೋ ಕಚ್ಚಿದಾಗ ಬರುವುದೋ, ಸಕ್ಕರೆಯ ಕಾಯಿಲೆಯುಂಟೇ, ರಕ್ತದೊತ್ತಡವುಂಟೇ ಎಂದು ವಿಚಾರಿಸದೆ ಬಾಯೊಳಗೆ ಕೈಯಿಡಕೂಡದು. ಮೇಲಿನ ಹಲ್ಲಿನ ನೋವು ಕೆಳಗಿನ ಹಲ್ಲಿನದೆಂದು ತೋರುವುದುಂಟು. ರೋಗಿಯು ಬೆರಳಿಟ್ಟು ತೋರಿಸಿದ ಹಲ್ಲೇ ರೋಗದ ಹಲ್ಲೆಂದು ನಂಬಿ ಆತುರಪಟ್ಟರೆ ನಿರೋಗಿಯಾದ ಹಲ್ಲಿಗೆ ಶಿಕ್ಷೆಯಾಗುತ್ತದೆ. ಆದುದರಿಂದ ತಟ್ಟಿ, ತಣ್ಣಗಿನದನ್ನು ಮುಟ್ಟಿಸಿ, 1895ರಲ್ಲಿ ರಾಂಟ್‌ಗನ್ ಎಂಬ ವಿಜ್ಞಾನಿಯು ಕಂಡುಹಿಡಿದ ಕ್ಷಕಿರಣದಿಂದ ಚಿತ್ರ ತೆಗೆದು ನಿಶ್ಚಯಿಸತಕ್ಕದ್ದು.

ಮೂರನೆಯದು ಕೈಯ ಪಾಠ. ಮರಗಟ್ಟಿಸುವ ಮದ್ದನ್ನು ಚುಚ್ಚಿ, ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆಯನ್ನು ಬಿಗಿಯುತ್ತಾರೆ. ಇದನ್ನು 1864ರಲ್ಲಿ ನ್ಯೂಯಾರ್ಕಿನ ಬಾರ್ನಮ್ ಎಂಬ ವೈದ್ಯನು ಕಂಡುಹಿಡಿದನು. ಎಂಜಲು ಹಲ್ಲಿನೊಳಕ್ಕೆ ಹೋಗದಂತೆಯೂ, ಉಪಕರಣವು ರೋಗಿಯ ಗಂಟಲಿಗೆ ಜಾರದಂತೆಯೂ ಅದು ಕಾಯುತ್ತದೆ. ಆಮೇಲೆ ಹಲ್ಲಿಗೆ ಕಿಂಡಿ ಕೊರೆದು ನಾಳದ ಬಾಯನ್ನು ಹುಡುಕಬೇಕು. ಮೇಲ್ದವಡೆಯ ಮೊದಲನೆಯ ದೊಡ್ಡ ಹಲ್ಲಿಗೆ ಮೂರು ಬೇರು. ನಾಳಗಳು ಮಾತ್ರ ಅನೇಕ ವೇಳೆ ನಾಲ್ಕು. ಮೂರನ್ನು ಶುದ್ಧಮಾಡಿ ನಾಲ್ಕನೆಯದನ್ನು ಬಿಟ್ಟರೆ ರೋಗವು ಅಲ್ಲಿಯೇ ಉಳಿಯುತ್ತದೆ. ನಾಳವನ್ನು ತಿಕ್ಕುವ ಅರವು ಸೂಜಿಯಂತಿರುತ್ತದೆ. ಹತ್ತನೆಯ ನಂಬರಿನ ಅರದ ತುದಿಯ ದಪ್ಪವು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದನ್ನು ನೂಕಕೂಡದು, ಗಡಿಯಾರಕ್ಕೆ ಕೀಲಿ ಕೊಡುವಂತೆ ತುಸುತುಸುವೇ ತಿರುಗಿಸಬೇಕು. ನಾಳವು ಎಲ್ಲಿ ಬಾಗಿದೆಯೆಂಬುದನ್ನು ಕಣ್ಣು ಕಾಣದು, ಬೆರಳ ತುದಿಯೇ ಅರಿಯಬೇಕು. ಅದಕ್ಕಾಗಿಯೇ ಶಿಷ್ಯರು ಕಿತ್ತ ಹಲ್ಲುಗಳ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲೆಯೇ ಜೀವಂತ ಮನುಷ್ಯನ ಬಾಯಿಗೆ ಕೈಹಾಕುವರು. ನಾಳವನ್ನು ಮದ್ದಿನ ನೀರಿನಿಂದ ತೊಳೆದು, ಒಣಗಿಸಿ, ಆಗ್ನೇಯ ಏಷ್ಯದ ಒಂದು ಮರದ ಹಾಲಿನಿಂದಾದ ಗಟ್ಟಾಪರ್ಚಾ ಎಂಬ ಪದಾರ್ಥದಿಂದ ತುಂಬುತ್ತಾರೆ. ದವಡೆಹಲ್ಲಾದರೆ ಒಡೆಯದಂತೆ ಮೇಲೊಂದು ಟೋಪಿಯನ್ನು ಕೂರಿಸುತ್ತಾರೆ.

ಇಷ್ಟು ಎಚ್ಚರಿಕೆಯಿದ್ದರೂ ಒಮ್ಮೊಮ್ಮೆ ಆ ಸಣ್ಣ ಅರವು ನಾಳದೊಳಗೆ ಮುರಿದು ನಿಲ್ಲುವುದುಂಟು. ರೋಗಿಗೆ ಅದು ತಿಳಿಯದು. ಮರಗಟ್ಟಿದ ಬಾಯಿ, ಮುಚ್ಚಿದ ಕಣ್ಣು; ಹೇಳದಿದ್ದರೆ ಯಾರೂ ಕೇಳರು. ಶಿಷ್ಯನ ವಿದ್ಯೆಯು ಪರೀಕ್ಷೆಗೆ ಬರುವುದು ಆ ಗಳಿಗೆಯಲ್ಲಿ. ಕೈಯನ್ನು ನಿಲ್ಲಿಸಿ, ಗುರುವನ್ನು ಕರೆದು, ರೋಗಿಯನ್ನು ಎಬ್ಬಿಸಿ ಕುಳ್ಳಿರಿಸಿ, ನಡೆದುದನ್ನು ನಡೆದಂತೆ ಹೇಳಿ, ಮುಂದಿನ ಉಪಾಯವನ್ನು ತಿಳಿಸುವವನು ವೈದ್ಯನಾಗುತ್ತಾನೆ. ಮರೆಮಾಚುವವನು ಎಷ್ಟೇ ಕೈಚಳಕವುಳ್ಳವನಾದರೂ ಆಗುವುದಿಲ್ಲ. ಹಾಗೆಯೇ, ಚಿಕ್ಕ ಕುಳಿಯನ್ನು ತುಂಬಿದರೆ ಸಾಕಾಗುವಲ್ಲಿ ದೊಡ್ಡ ಚಿಕಿತ್ಸೆಯ ಹಣವನ್ನು ಕೇಳದಿರುವುದೂ, ಉಳಿಯಲಾರದ ಹಲ್ಲನ್ನು ಉಳಿಸುವೆನೆಂದು ಆಸೆ ತೋರಿಸದಿರುವುದೂ ಈ ವಿದ್ಯೆಯ ಭಾಗವೇ. ಕೀಳಬೇಕಾದುದನ್ನು ಕೀಳಬೇಕೆಂದು ಹೇಳುವ ಧೈರ್ಯವಿಲ್ಲದವನಿಗೆ ಉಳಿಸುವ ವಿದ್ಯೆಯೂ ಕೈಗೂಡದು.

ಇನ್ನೊಂದು ಮಾತನ್ನು ಮಲೆನಾಡಿನವರಿಗೆ ಸಂಕೋಚವಿಲ್ಲದೆ ಹೇಳಬೇಕಾಗಿದೆ. ಅಡಕೆಯು ಈ ನಾಡಿನ ಬೆಳೆ. ತಾಂಬೂಲವು ಅತಿಥಿಸತ್ಕಾರದ ಗುರುತು. ಆದರೂ ಅಡಕೆಯನ್ನು ನಿತ್ಯವೂ ಅಗಿಯುವವರ ಕೆನ್ನೆಯ ಒಳಚರ್ಮವು ಕ್ರಮೇಣ ಬಿಳಿಚಿ, ಗಡಸಾಗಿ, ಬಾಯಿ ತೆರೆಯದಂತಾಗುವ ರೋಗವೊಂದುಂಟು. ಅದರಿಂದ ಕೆಲವರಿಗೆ ಅರ್ಬುದ ರೋಗವೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾಲಯವು, ಹೊಗೆಸೊಪ್ಪು ಸೇರದ ಬರಿಯ ಅಡಕೆಯೂ ಅರ್ಬುದಕಾರಕವೆಂದು 2004ರಲ್ಲಿ ಪ್ರಕಟಿಸಿತು. ಹಲ್ಲುನೋವಿಗೆಂದು ಬಂದವನ ಕೆನ್ನೆಯನ್ನೂ ನಾಲಗೆಯ ಅಂಚನ್ನೂ ನೋಡದೆ ಕಳುಹಿಸುವ ವೈದ್ಯನು ತನ್ನ ಕೆಲಸವನ್ನು ಅರ್ಧ ಮಾಡಿದಂತೆ. ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬಹುದು: ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಸೇರಿಸಲು ಬಾರದವರೂ, ಎರಡು ವಾರಕ್ಕೂ ಮಾಯದ ಹುಣ್ಣುಳ್ಳವರೂ ತಡಮಾಡದೆ ತೋರಿಸಿಕೊಳ್ಳತಕ್ಕದ್ದು. ತೋಟವನ್ನು ಬಿಡಿರೆಂದು ಯಾರೂ ಹೇಳುವುದಿಲ್ಲ. ಸದಾ ದವಡೆಯಲ್ಲಿಟ್ಟುಕೊಳ್ಳುವ ಅಭ್ಯಾಸವನ್ನು ಬಿಡಿರೆಂಬುದೇ ಪ್ರಾರ್ಥನೆ.

ಹೀಗೆ ವೈದ್ಯನು ಎಂಟು ವರ್ಷ ಕಲಿತು ಸಿದ್ಧನಾಗಿ ಕುಳಿತಿರುತ್ತಾನೆ. ಆದರೆ ಎಡಕುಮೇರಿಯ ಆ ಕೆಲಸಗಾರನು ನೋವು ನಿಂತಿತೆಂದು ಪ್ರಯಾಣವನ್ನು ಬಿಟ್ಟರೆ, ಆ ಎಂಟು ವರ್ಷದ ಶ್ರಮವು ಅವನ ಪಾಲಿಗೆ ಇಲ್ಲದಂತೆಯೇ ಸರಿ. ಕುಳಿಯು ಸಣ್ಣದಿದ್ದಾಗ ಬಂದಿದ್ದರೆ ಒಂದು ಗಳಿಗೆಯ ಕೆಲಸ. ತಿರುಳು ನೋಯುವಾಗ ಬಂದರೆ ಎರಡು ಮೂರು ಭೇಟಿ. ದವಡೆ ಬಾತಾಗ ಬಂದರೆ ಹಲ್ಲೂ ಹೋಗಿ, ಆಸ್ಪತ್ರೆಯ ವಾಸವೂ ಬರಬಹುದು. ಹಲ್ಲನ್ನು ಉಳಿಸುವ ವಿದ್ಯೆಯಲ್ಲಿ ಅರ್ಧವು ವೈದ್ಯನ ಕೈಯಲ್ಲಿದೆ, ಉಳಿದರ್ಧವು ರೋಗಿಯ ಕಾಲಿನಲ್ಲಿದೆ. ಆ ಅರ್ಧವನ್ನೂ ಕಲಿಸುವುದು ವೈದ್ಯಶಾಲೆಯ ಕರ್ತವ್ಯ. ಕುರ್ಚಿಯಿಂದ ಇಳಿದವನಿಗೆ ಕನ್ನಡಿ ಹಿಡಿದು ಅವನ ಬಾಯನ್ನು ಅವನಿಗೇ ತೋರಿಸಿ, ದಿನಕ್ಕೆ ಎರಡು ಸಲ ಹಲ್ಲುಜ್ಜುವ ಕ್ರಮವನ್ನು ಹೇಳಿಕೊಟ್ಟು, ನೋವಿಲ್ಲದಿದ್ದಾಗಲೇ ಮತ್ತೆ ಬರಬೇಕೆಂದು ತಿಳಿಸಿ ಕಳುಹಿಸುವ ವೈದ್ಯರಿದ್ದಾರೆ. ಅವರು ಒಬ್ಬ ರೋಗಿಗೆ ಹೇಳಿದ ಮಾತು ಒಂದು ಮನೆಗೆಲ್ಲ ಮುಟ್ಟುತ್ತದೆ.

ಈ ಮಹೋತ್ಸವಕ್ಕೆ ದೂರದ ಗುಡ್ಡಗಳಿಂದ ಮಕ್ಕಳುಮರಿಗಳೊಡನೆ ಬಂದಿರುವ ಸದ್ಭಕ್ತರು ಊರಿಗೆ ಹಿಂದಿರುಗಿದ ಮೇಲೆ, ನೆರೆಮನೆಯಲ್ಲಿ ಯಾರಾದರೂ ಹಲ್ಲುನೋವಿನಿಂದ ನರಳಿ ಆಮೇಲೆ ನೋವು ತಾನಾಗಿಯೇ ವಾಸಿಯಾಯಿತೆಂದು ಹೇಳುವುದನ್ನು ಕೇಳಿದರೆ, ಅವರನ್ನು ಮುಂದಿನ ರೈಲಿಗೆ ಹತ್ತಿಸಿ ಕಳುಹಿಸಲಿ. ಹಾಸನಕ್ಕಾಗಲಿ ಮಂಗಳೂರಿಗಾಗಲಿ, ಹತ್ತಿರವಾದ ಕಡೆಗೆ ಕಳುಹಿಸಲಿ. ಮಳೆ ಬಿಡಲೆಂದು ಕಾಯುವುದು ಬೇಡ. ಸರ್ವರಿಗೂ ಆರೋಗ್ಯಭಾಗ್ಯವು ದೊರೆಯಲೆಂದು ಹಾರೈಸಿ ಈ ಉಪನ್ಯಾಸವು ಮುಕ್ತಾಯವಾಗುತ್ತದೆ.